ಹೆಸರು ಬರೆಯುವ ಹಂಬಲ

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಶಾಲೆ ಆರಂಭವಾದಾಗ ಮೊದಲ ದಿನವೇ ನಾನು ತರಗತಿಯ ಡೆಸ್ಕುಗಳನ್ನೆಲ್ಲ ಒಂದು ಸುತ್ತು ನೋಡಿಕೊಂಡು ಬರುತ್ತಿದ್ದೆ. ಕಂಪಾಸು ಪೆಟ್ಟಿಗೆಯ ಕೈವಾರ ರೇಖಾಗಣಿತಕ್ಕಿಂತ ಹೆಚ್ಚಾಗಿ ಮರ ಕೆತ್ತುವುದಕ್ಕೇ ಬಳಕೆಯಾಗುತ್ತಿದ್ದ ಕಾಲವದು. ಒಂದೊಂದು ಡೆಸ್ಕಿನ ಮೇಲೂ ನಾಲ್ಕಾರು ಹೆಸರು, ಅವುಗಳ ಕೆಳಗೆ ಇಸವಿ. ಹಿಂದಿನ ವರ್ಷದ ಕೆತ್ತನೆಗಳ ಲೆಕ್ಕ ನನ್ನಲ್ಲಿರುತ್ತಿದ್ದುದರಿಂದ ಹೊಸದಾಗಿ ಕೆತ್ತಿದವನು ಸುಲಭವಾಗಿ ಸಿಕ್ಕಿಬೀಳುತ್ತಿದ್ದ.

ಒಮ್ಮೆ ಹೀಗೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಸಿಕ್ಕಿಬಿದ್ದ. ಓದಿನಲ್ಲಿ ಹಿಂದೆ, ಕೊನೆಯ ಬೆಂಚು. ಆದರೆ ಅವನು ಕೆತ್ತಿದ್ದ ಅಕ್ಷರಗಳು ಮಾತ್ರ ಬಲು ಚೆಂದ. ಕನ್ನಡದ ಗುಂಡು ಗುಂಡಾದ ಅಕ್ಷರಗಳನ್ನು ಗಟ್ಟಿ ಮರದಲ್ಲಿ ಕೈವಾರದ ಮೊನೆಯಿಂದ ತಿರುಗಿಸುವುದು ಸುಲಭವಲ್ಲ. ನಾನು ಅದನ್ನು ಗಮನಿಸಿದೆ, ಗಮನಿಸಿಯೂ ಗದರಿಸಿದೆ. ಎರಡು ದಿನ ಸಂಜೆ ಶಾಲೆ ಬಿಟ್ಟ ಮೇಲೆ ನಿಲ್ಲಿಸಿಕೊಂಡು ಸ್ಯಾಂಡ್ ಪೇಪರ್ ಕೊಟ್ಟು ಅವನ ಹೆಸರನ್ನು ಅವನ ಕೈಯಿಂದಲೇ ಉಜ್ಜಿಸಿದೆ. "ಇನ್ನೊಮ್ಮೆ ಕೆತ್ತಿದರೆ ಹಾಜರಿ ಪುಸ್ತಕದಿಂದಲೇ ನಿನ್ನ ಹೆಸರು ಹೊಡೆದು ಹಾಕುತ್ತೇನೆ" ಎಂದೂ ಹೇಳಿದೆ. ಅದು ಮೇಷ್ಟ್ರುಗಳ ಮಾಮೂಲಿ ಮಾತು. ಯಾರೂ ನಿಜವೆಂದು ತಿಳಿಯುವುದಿಲ್ಲ. ಮರುವರ್ಷ ಆ ಹುಡುಗ ಹತ್ತನೆಯ ತರಗತಿಗೆ ಬರಲೇ ಇಲ್ಲ. ಬಹಳ ದಿನ ಕಾದು, ನಿಯಮದಂತೆ ಕೆಂಪು ಶಾಯಿಯಲ್ಲಿ ನಾನೇ ಅವನ ಹೆಸರನ್ನು ಹೊಡೆದು ಹಾಕಿದೆ.

ಈ ಸಂಗತಿ ಮತ್ತೆ ನೆನಪಾದದ್ದು ಬಹು ದೂರದ ಲಿಸ್ಬನ್ ನಗರದಲ್ಲಿ. ಅಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ ನಾನೂ ನನ್ನ ಪತ್ನಿಯೂ ಹೋಗಿದ್ದೆವು. ಒಂದು ಶನಿವಾರ ಮಗ ನಮ್ಮನ್ನು ಸಾಂತಾ ಕ್ಲಾರಾ ಎಂಬ ಬಯಲಿಗೆ ಕರೆದೊಯ್ದ. ವಾರದಲ್ಲಿ ಎರಡು ದಿನ, ಮಂಗಳವಾರ ಮತ್ತು ಶನಿವಾರ, ಅಲ್ಲಿ ಹಳೆಯ ಸಾಮಾನುಗಳ ಸಂತೆ ನೆರೆಯುತ್ತದೆ. ಸಂತೆಯ ಹೆಸರು 'ಫೈರಾ ದ ಲಾದ್ರಾ'. ಜನ ಅದಕ್ಕೆ 'ಕಳ್ಳಿಯ ಸಂತೆ' ಎಂದು ಅರ್ಥ ಹೇಳುತ್ತಾರೆ. ನೆಲದ ಮೇಲೆ ಬಟ್ಟೆ ಹಾಸಿ ಗಡಿಯಾರ, ನಾಣ್ಯ, ಪುಸ್ತಕ, ಪಿಂಗಾಣಿ ಬಟ್ಟಲು ಎಲ್ಲವನ್ನೂ ಹರಡಿಕೊಂಡು ಕುಳಿತಿರುತ್ತಾರೆ. ಯಾವುದೋ ಮನೆಯ ಗೋಡೆಯಿಂದ ಬಂದ ಹಳೆಯ ನೀಲಿ ಟೈಲುಗಳನ್ನೂ ಬಿಡಿಬಿಡಿಯಾಗಿ ಮಾರುತ್ತಾರೆ.

ಆ ಬಯಲಿನ ಒಂದು ಅಂಚಿನಲ್ಲಿ ಉದ್ದನೆಯ ಗೋಡೆ. ಗೋಡೆಯ ತುಂಬ ಬಣ್ಣ ಬಣ್ಣದ ಟೈಲುಗಳ ಚಿತ್ರ: ಲಿಸ್ಬನ್ನನ್ನು ನೆನಪಿಗೆ ತರುವ, ಆದರೆ ಮಕ್ಕಳ ಕನಸಿನಲ್ಲಿ ಕಂಡಂತಿರುವ ಒಂದು ಊರು. ನಡುವೆ ಎತ್ತರದ ಟೋಪಿ, ದುಂಡು ತಲೆ, ಉದ್ದುದ್ದ ಕಾಲಿನ ಒಬ್ಬ ನಗುವ ಮನುಷ್ಯ. ಅವನ ಒಂದು ಕಣ್ಣು ಸೊನ್ನೆ, ಇನ್ನೊಂದು ಕಣ್ಣು ನಾವು ತಪ್ಪು ಉತ್ತರಕ್ಕೆ ಹಾಕುವ ಅಡ್ಡಗೀಟು. "ಅಪ್ಪ, ಇದನ್ನು ಬರೆದವನು ಮೊದಲು ರಾತ್ರಿ ಹೊತ್ತು ಬೇರೆಯವರ ಗೋಡೆ ಗೀಚುತ್ತಿದ್ದವನು. ನಿಮ್ಮ ಕೈಗೆ ಸಿಕ್ಕಿದ್ದರೆ ಸ್ಯಾಂಡ್ ಪೇಪರ್ ಕೊಡುತ್ತಿದ್ದಿರಿ" ಎಂದು ಮಗ ನಕ್ಕ. ನಾನೂ ನಕ್ಕೆ. ಆದರೆ ಆ ಗೋಡೆಯ ಮುಂದೆ ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ನಿಂತೆ.

ಆ ಕಲಾವಿದರ ಹೆಸರು ಆಂದ್ರೆ ಸರೈವಾ. ಪೋರ್ಚುಗೀಸ್ ತಂದೆತಾಯಿಗಳ ಮಗನಾಗಿ 1971ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಬೆಳೆದವರು. ಬೀದಿಗೋಡೆಗಳ ಮೇಲೆ ಸ್ಪ್ರೇ ಡಬ್ಬಿಯಿಂದ ಬರೆಯುವ ಗ್ರಾಫಿಟಿಯಿಂದ ಹೆಸರಾದರು. ಆ ಟೋಪಿಯ ಮನುಷ್ಯ 'ಮಿಸ್ಟರ್ ಎ', ಅವರ ಗುರುತು, ಒಂದರ್ಥದಲ್ಲಿ ಅವರ ರುಜು. ಲಿಸ್ಬನ್ನಿನ ಈ ಗೋಡೆಚಿತ್ರ ಸಾರ್ವಜನಿಕರಿಗೆ ತೆರೆದದ್ದು 2016ರಲ್ಲಿ. ಉದ್ದ 188 ಮೀಟರು, ವಿಸ್ತೀರ್ಣ ಸಾವಿರ ಚದರ ಮೀಟರಿಗೂ ಸ್ವಲ್ಪ ಹೆಚ್ಚು, ಟೈಲುಗಳ ಸಂಖ್ಯೆ 52,738. ಇಷ್ಟನ್ನೂ ಕೈಯಿಂದಲೇ ಬಣ್ಣ ಹಾಕಿ ಸುಟ್ಟುಕೊಟ್ಟದ್ದು 'ವಿಯೂವಾ ಲಮೇಗೊ' ಎಂಬ ಹಳೆಯ ಕಾರ್ಖಾನೆ. ನನ್ನ ಸೇವಾವಧಿಯಲ್ಲಿ ಸುಮಾರು ಐದು ಸಾವಿರ ಮಕ್ಕಳಿಗೆ ಪಾಠ ಹೇಳಿರಬಹುದು. ಆ ಗೋಡೆಯನ್ನು ಹಂಚಿದರೆ ನಿಮಗೆಲ್ಲ ತಲಾ ಹತ್ತು ಟೈಲು ಬರುತ್ತದೆ! ಅಷ್ಟು ಕೆಲಸ.

ಟೈಲು ಎಂದಾಗ ನಮಗೆ ನೆನಪಾಗುವುದು ಬಚ್ಚಲುಮನೆ. ಪೋರ್ಚುಗೀಸರಿಗೆ ಅದು ಮನೆಯ ಮುಖ, ಚರ್ಚಿನ ಒಳಗೋಡೆ, ರೈಲು ನಿಲ್ದಾಣ. ಅದನ್ನು ಅವರು 'ಅಜುಲೇಜು' ಎನ್ನುತ್ತಾರೆ. ನೀಲಿ ಎಂಬರ್ಥದ ಅವರ 'ಅಜುಲ್' ಪದದಿಂದ ಬಂದದ್ದೆಂದು ಮೇಲ್ನೋಟಕ್ಕೆ ಅನ್ನಿಸಿದರೂ ಮೂಲ ಅರಬ್ಬೀ ಭಾಷೆಯದು. ನುಣುಪುಗೊಳಿಸಿದ ಸಣ್ಣ ಕಲ್ಲು ಎಂಬ ಅರ್ಥದ್ದು. ಮುಸ್ಲಿಂ ಕುಶಲಕರ್ಮಿಗಳ ವಿದ್ಯೆ ಸ್ಪೇನಿನ ಮೂಲಕ ಅಲ್ಲಿಗೆ ತಲುಪಿತು. ಮೆರುಗಿನ ಟೈಲಿನ ಅದೇ ವಿಶಾಲ ಪರಂಪರೆಯ ಇನ್ನೊಂದು ಕವಲು ಪರ್ಷಿಯಾದಿಂದ ನಮ್ಮ ಬೀದರಿಗೂ ಬಂದಿತು. 1472ರಲ್ಲಿ ಮುಗಿದ ಮಹಮೂದ್ ಗವಾನನ ಮದರಸಾದ ಮುಂಭಾಗದಲ್ಲಿ ಅಳಿದುಳಿದ ನೀಲಿ ಹಸಿರು ಟೈಲುಗಳನ್ನು ಪ್ರವಾಸಕ್ಕೆ ಬಂದಿದ್ದ ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ನಮ್ಮಲ್ಲಿ ಆ ವಿದ್ಯೆ ಗೋಡೆಯ ಮೇಲೆ ಉಳಿಯಿತೇ ಹೊರತು ಕೈಯಲ್ಲಿ ಉಳಿಯಲಿಲ್ಲ. ಪೋರ್ಚುಗಲ್ಲಿನಲ್ಲಿ ಕೈಯಲ್ಲೂ ಉಳಿಯಿತು. 1755ರ ಭೀಕರ ಭೂಕಂಪದಲ್ಲಿ ಲಿಸ್ಬನ್ ಕುಸಿದಾಗ, ಊರನ್ನು ಬೇಗ ಮತ್ತೆ ಕಟ್ಟಲು ಸರಳ ವಿನ್ಯಾಸದ, ಸಲೀಸಾಗಿ ಜೋಡಿಸಬಹುದಾದ ಟೈಲುಗಳನ್ನು ಹೇರಳವಾಗಿ ಬಳಸಿದರು. 1959ರಲ್ಲಿ ಮೆಟ್ರೋ ರೈಲು ಬಂದಾಗ ಅದರ ನಿಲ್ದಾಣಗಳಿಗೆ ಮರಿಯಾ ಕೈಲ್ ಎಂಬ ಕಲಾವಿದೆ ಹೊಸ ಬಗೆಯ ವಿನ್ಯಾಸಗಳನ್ನು ಬರೆದುಕೊಟ್ಟರು. ಹೊರಗಿನ ಕಲಾವಿದರೂ ಕಾರ್ಖಾನೆಯ ಕೆಲಸಗಾರರೂ ಕೂಡಿ ದುಡಿಯುವುದು ಅಲ್ಲಿ ಹೊಸ ಸಂಗತಿಯಲ್ಲ. ಗ್ರಾಫಿಟಿಯವನು ಒಳಗೆ ಬಂದದ್ದು ಮಾತ್ರ ಹೊಸದು.

ಈ ಎರಡು ವಿದ್ಯೆಗಳು ಹೊರನೋಟಕ್ಕೆ ಎಣ್ಣೆ ಸೀಗೆಕಾಯಿ. ಗ್ರಾಫಿಟಿಯವನದು ಅವಸರದ ಕೆಲಸ; ಪೊಲೀಸರು ಬರುವುದರೊಳಗೆ ಮುಗಿಯಬೇಕು. ಟೈಲಿನವರದು ನಿಧಾನದ ಕೆಲಸ. ಜೇಡಿಮಣ್ಣಿನ ಬಿಲ್ಲೆಯನ್ನು ಮೊದಲು ಒಮ್ಮೆ ಸುಡಬೇಕು. ಆಮೇಲೆ ಅದರ ಮೇಲೆ ತವರದ ಭಸ್ಮ ಬೆರೆಸಿದ ಬಿಳಿಯ ಮೆರುಗಿನ ಲೇಪ ಕೊಟ್ಟು ಒಣಗಿಸಬೇಕು. ಚಿತ್ರವನ್ನು ಕಾಗದದಲ್ಲಿ ಬರೆದು, ಗೆರೆಗಳ ಉದ್ದಕ್ಕೂ ಸೂಜಿಯಿಂದ ಚುಚ್ಚಿ, ಕಾಗದವನ್ನು ಟೈಲುಗಳ ಮೇಲಿಟ್ಟು ಇದ್ದಿಲ ಪುಡಿಯ ಬಟ್ಟೆಗಂಟಿನಿಂದ ತಟ್ಟುತ್ತಾರೆ. ನಮ್ಮ ಹೆಣ್ಣುಮಕ್ಕಳು ತೂತಿನ ಅಚ್ಚಿನ ಮೇಲೆ ರಂಗೋಲಿ ಪುಡಿ ಉದುರಿಸುವ ಹಾಗೆಯೇ. ಹಾಗೆ ಮೂಡಿದ ಚುಕ್ಕೆಗಳನ್ನು ಹಿಡಿದು ಕುಂಚದಿಂದ ಬಣ್ಣ ಹಾಕಬೇಕು. ಕೋಬಾಲ್ಟಿನಿಂದ ನೀಲಿ, ತಾಮ್ರದಿಂದ ಹಸಿರು, ಮ್ಯಾಂಗನೀಸಿನಿಂದ ನೇರಳೆ. ಪ್ರತಿ ಟೈಲಿನ ಬೆನ್ನಿಗೂ ಒಂದು ಸಂಖ್ಯೆ. ಇಲ್ಲವಾದರೆ ಗೋಡೆಗೆ ಅಂಟಿಸುವಾಗ ಮೂಗಿನ ಜಾಗದಲ್ಲಿ ಮೊಣಕಾಲು ಬಂದೀತು. ಕಡೆಗೆ ಮತ್ತೆ ಆವಿಗೆಯಲ್ಲಿ ಸುಡಬೇಕು. ಹಸಿ ಬಣ್ಣ ಒಂದು, ಸುಟ್ಟ ಬಣ್ಣ ಇನ್ನೊಂದು. ಆವಿಗೆಯಿಂದ ಯಾವ ಬಣ್ಣ ಹೊರಬರುತ್ತದೆಂಬುದು ಹಲವು ವರ್ಷ ಪಳಗಿದವರಿಗಷ್ಟೇ ಮುಂಚೆ ತಿಳಿಯುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಸುಡುವ ಮುನ್ನ ಆ ಬಿಳಿಯ ಲೇಪ ಸುಣ್ಣದ ಪುಡಿಯಂತಿರುತ್ತದೆ. ಕುಂಚ ತಾಗಿದೊಡನೆ ಬಣ್ಣವನ್ನು ಹೀರಿಕೊಳ್ಳುತ್ತದೆ. ಹಾಕಿದ ಗೆರೆಯನ್ನು ಅಳಿಸಿ ತಿದ್ದುವುದು ಕಷ್ಟ. ಕೈ ಅನುಮಾನಿಸಿದರೆ ಆ ಅನುಮಾನ ಗೆರೆಯಲ್ಲಿ ಕಾಣುತ್ತದೆ. ಸ್ಪ್ರೇ ಡಬ್ಬಿಯೂ ಅಷ್ಟೇ, ಒತ್ತಿದರೆ ಮುಗಿಯಿತು. ಹೀಗೆ ಗೋಡೆ ಗೀಚಿ ಪಳಗಿದವನ ಕೈಗೂ ಟೈಲಿನ ಮೇಲೆ ಪಳಗಿದವರ ಕೈಗೂ ಒಂದು ಗುಣ ಸಮಾನವಾಗಿದೆ: ಎರಡೂ ಹಿಂದೆ ಸರಿಯದ ಕೈಗಳು. ಈ ಜೋಡಿ ಕೂಡಿಬಂದದ್ದು ಬರಿಯ ಪ್ರಚಾರದ ಮಾತಲ್ಲವೆಂದು ನನಗೆ ಮನದಟ್ಟಾದದ್ದು ಇದರಿಂದ.

ಇದರ ಬಗ್ಗೆ ಎರಡು ಆಕ್ಷೇಪಗಳನ್ನು ಕೇಳಿದ್ದೇನೆ, ಎರಡೂ ತೂಕವುಳ್ಳವು. ಮೊದಲನೆಯದು ಹಳೆಯದನ್ನು ಪ್ರೀತಿಸುವವರದು. ಲಿಸ್ಬನ್ನಿನ ಟೈಲು ಹಾಸಿದ ಗೋಡೆಗಳ ಮೇಲೆ ಸ್ಪ್ರೇ ಬಣ್ಣ ಬಳಿದು ಹಾಳುಮಾಡುವವರು ಇಂದಿಗೂ ಇದ್ದಾರೆ. ಕದ್ದು ಮಾರುವವರಂತೂ ಇನ್ನೂ ಹಾನಿಕರ. ಈ ಕಳ್ಳತನ ತಡೆಯಲೆಂದೇ ಅಲ್ಲಿಯ ಪೊಲೀಸ್ ಇಲಾಖೆಯ ವಸ್ತುಸಂಗ್ರಹಾಲಯ 2007ರಲ್ಲಿ 'ಎಸ್‌ಒಎಸ್ ಅಜುಲೇಜು' ಎಂಬ ಯೋಜನೆ ಆರಂಭಿಸಿತು. ಟೈಲಿನ ಮುಂಗೋಡೆಗಳನ್ನು ಮನಬಂದಂತೆ ಕೆಡವುವುದನ್ನು, ಟೈಲು ಕೀಳುವುದನ್ನು ತಡೆಯುವ ಕಾನೂನು 2017ರಲ್ಲಿ ಇಡೀ ದೇಶಕ್ಕೆ ಬಂದಿತು. ಹೀಗಿರುವಾಗ ಗೋಡೆ ಗೀಚುವವನಿಗೇ ಮಣೆ ಹಾಕುವುದು ಸರಿಯೇ ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಗೆ ಸರೈವಾರವರೇ ಆಧಾರ ಒದಗಿಸಿದ್ದಾರೆ. ಲಿಸ್ಬನ್ನಿನ ಗೋಡೆ ತೆರೆಯುವ ಹಿಂದಿನ ವರ್ಷ, 2015ರಲ್ಲಿ, ಅಮೆರಿಕದ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದ ಬಂಡೆಯೊಂದರ ಮೇಲೆ ತಮ್ಮ ಗುರುತು ಹಾಕಿ, ಜನರ ಟೀಕೆಗೆ ಗುರಿಯಾಗಿ, ದಂಡ ತೆತ್ತರು. ಆ ದಂಡ ನ್ಯಾಯವಾದದ್ದೇ. ಲಿಸ್ಬನ್ನಿನ ಟೈಲುಗಳು ಎಷ್ಟೇ ಚೆಂದವಿದ್ದರೂ ಆ ಬಂಡೆಯ ಮೇಲಿನ ತಪ್ಪನ್ನು ತೊಳೆಯಲಾರವು. ಒಂದು ವಿಷಯದಲ್ಲಿ ನೂರಕ್ಕೆ ನೂರು ತೆಗೆದವನಿಗೆ ಇನ್ನೊಂದು ವಿಷಯದಲ್ಲಿ ನಾವು ಅಂಕ ಸೇರಿಸುವುದಿಲ್ಲ.

ಎರಡನೆಯ ಆಕ್ಷೇಪ ಕಿರಿಯರದು. ಗ್ರಾಫಿಟಿಯ ಜೀವವೇ ಅಪ್ಪಣೆಯಿಲ್ಲದಿರುವುದು. ನಗರಸಭೆ ಕರೆದು ಗೋಡೆ ಕೊಟ್ಟ ಮೇಲೆ ಅದು ಹಲ್ಲು ಕಿತ್ತ ಹಾವು ಎನ್ನುತ್ತಾರೆ. ನನ್ನ ಮಗನೂ ಇದೇ ಪಕ್ಷ. ಇರಬಹುದು. ಆದರೆ ಅಪ್ಪಣೆಯಿಲ್ಲದಿರುವುದೊಂದೇ ಅದರ ಜೀವವಾಗಿದ್ದರೆ, ಗೆರೆ ಯಾಕೆ ಚೆಂದವಿರಬೇಕು? ನನ್ನ ಡೆಸ್ಕಿನ ಹುಡುಗ ಎರಡು ಗೀಟು ಎಳೆದು ಬಿಡಬಹುದಿತ್ತು. ಅವನು ಕಷ್ಟಪಟ್ಟು ಗುಂಡಗೆ ತಿರುಗಿಸಿದ. ಅವನಿಗೆ ನಿಯಮ ಮುರಿಯುವುದಕ್ಕಿಂತ ಹೆಚ್ಚಾಗಿ, ತಾನೊಬ್ಬ ಇಲ್ಲಿದ್ದೆ ಎಂದು ಚೆನ್ನಾಗಿ ಹೇಳಬೇಕಿತ್ತು.

ಈ ಹಂಬಲ ಗ್ರಾಫಿಟಿಯವರ ಸ್ವಂತ ಆಸ್ತಿಯೇನೂ ಅಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಪೋರ್ಚುಗಲ್ಲಿನಲ್ಲಿ ಒಬ್ಬ ಟೈಲು ಚಿತ್ರಕಾರನಿದ್ದ. ಚರ್ಚು, ಅರಮನೆಗಳ ಗೋಡೆಗಳಲ್ಲಿ ಅವನ ನೀಲಿ ಚಿತ್ರಗಳಿವೆ. ಕೆಲವು ಚಿತ್ರಗಳಲ್ಲಿ ಮೂರೇ ಅಕ್ಷರ ಬರೆದಿದ್ದಾನೆ: ಪಿ. ಎಂ. ಪಿ. ಅವನು ಯಾರೆಂದು ಖಚಿತವಾಗಿ ಹೇಳುವ ದಾಖಲೆ ಸಿಗಲಿಲ್ಲ. ವಿದ್ವಾಂಸರು ಇಂದಿಗೂ ಅವನನ್ನು ಆ ಮೂರಕ್ಷರಗಳಿಂದಲೇ ಕರೆಯುತ್ತಾರೆ. ಮುನ್ನೂರು ವರ್ಷಗಳ ಹಿಂದಿನ ಈ ಮೂರಕ್ಷರಕ್ಕೂ ರಾತ್ರಿ ಬೀದಿಯ ಹುಡುಗ ಬರೆದು ಓಡುವ ಮೂರಕ್ಷರಕ್ಕೂ ಹಂಬಲದಲ್ಲಿ ವ್ಯತ್ಯಾಸ ಕಾಣೆ. ವ್ಯತ್ಯಾಸವಿರುವುದು ಆ ಅಕ್ಷರಗಳಿಗೆ ಮುಂಚೆ ನಡೆದ ಕೆಲಸದಲ್ಲಿ. ಒಬ್ಬ ಇಡೀ ಗೋಡೆಯನ್ನು ತುಂಬಿಕೊಟ್ಟು ಮೂಲೆಯಲ್ಲಿ ಹೆಸರು ಹಾಕಿದ; ಇನ್ನೊಬ್ಬ ಇನ್ನೊಬ್ಬರ ಗೋಡೆಯಲ್ಲಿ ಹೆಸರನ್ನಷ್ಟೇ ಹಾಕಿದ. ಸರೈವಾರವರ ಲಿಸ್ಬನ್ ಗೋಡೆಯನ್ನು ನಾನು ಮೆಚ್ಚುವುದು ಎರಡನೆಯವನು ಮೊದಲನೆಯವನ ದಾರಿಗೆ ಬಂದನೆಂಬ ಕಾರಣಕ್ಕೆ. ಒಂದು ರಾತ್ರಿಯಲ್ಲಿ ಮುಗಿಸುತ್ತಿದ್ದವನು ಮಣ್ಣಿನ, ಬೆಂಕಿಯ, ಇತರರ ಕೈಗಳ ವೇಗಕ್ಕೆ ತಗ್ಗಿ ನಡೆದ. ಕಾರ್ಖಾನೆಯವರೂ ತಗ್ಗಿದರು, ಅಜ್ಜಂದಿರು ಬರೆದ ಹಡಗನ್ನೂ ಸಂತರನ್ನೂ ಬಿಟ್ಟು, ಅಡ್ಡಗೀಟು ಕಣ್ಣಿನ ಟೋಪಿಯವನನ್ನು ಶ್ರದ್ಧೆಯಿಂದ ಬರೆದರು. ಹಳೆಯ ಮಾದರಿಗಳನ್ನೇ ನಕಲು ಮಾಡುತ್ತ ಕುಳಿತ ಕುಶಲಕಲೆ ಪ್ರವಾಸಿಗಳ ಗೊಂಬೆಯಂಗಡಿಗೆ ಹೋಗಿ ನಿಲ್ಲುತ್ತದೆ. ಹೊಸ ಬೇಡಿಕೆ ಬಂದಾಗಲೇ ಹಳೆಯ ಕೈ ಉಳಿಯುವುದು.

ಆದರೆ ನನ್ನ ಮೆಚ್ಚುಗೆಯಲ್ಲಿ ಒಂದು ತಕರಾರಿದೆ. ಈ ಬರಹ ಬರೆಯಲು ಕುಳಿತದ್ದೂ ಅದಕ್ಕಾಗಿಯೇ. ಊರಿಗೆ ಮರಳಿದ ಮೇಲೆ ಈ ಗೋಡೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಪ್ರತಿಯೊಂದರಲ್ಲೂ ಕಲಾವಿದರ ಹೆಸರಿತ್ತು, ಕಾರ್ಖಾನೆಯ ಹೆಸರಿತ್ತು, ಟೈಲುಗಳ ಲೆಕ್ಕವಿತ್ತು. ಕುಂಚ ಹಿಡಿದು ಅಷ್ಟು ಸಾವಿರ ಬಿಲ್ಲೆಗಳಿಗೆ ಬಣ್ಣ ಹಾಕಿದವರ ಹೆಸರನ್ನು ನನ್ನ ಕಣ್ಣಿಗೆ ಬಿದ್ದ ಯಾವ ಬರಹವೂ ಹೇಳಲಿಲ್ಲ. 'ಕಾರ್ಖಾನೆಯ ಕುಶಲಕರ್ಮಿಗಳು' ಎಂಬ ಎರಡು ಪದಗಳಲ್ಲಿ ಎಲ್ಲರೂ ಮುಗಿದುಹೋದರು. ಕಾರ್ಖಾನೆಯ ಹೆಸರನ್ನೇ ನೋಡಿ. ಅದನ್ನು 1849ರಲ್ಲಿ ಸ್ಥಾಪಿಸಿದವರು ಅಂತೋನಿಯೊ ದ ಕೋಸ್ತಾ ಲಮೇಗೊ. ಅವರು ತೀರಿಕೊಂಡ ಮೇಲೆ ಪತ್ನಿ ವ್ಯವಹಾರವನ್ನು ಕೈಗೆತ್ತಿಕೊಂಡರು. ಆಗ ಬಂದ ಹೆಸರು 'ವಿಯೂವಾ ಲಮೇಗೊ', ಎಂದರೆ ಲಮೇಗೊನ ವಿಧವೆ. ನೂರಾರು ವರ್ಷ ಉಳಿಯುವ ಟೈಲು ಮಾಡುವ ಕಾರ್ಖಾನೆಯ ಫಲಕದಲ್ಲಿ ಆ ಹೆಂಗಸಿನ ವೈಧವ್ಯಕ್ಕೆ ಜಾಗ ಸಿಕ್ಕಿತು, ಅವರ ಸ್ವಂತ ಹೆಸರಿಗೆ ಸಿಗಲಿಲ್ಲ.

ಹೀಗೆಲ್ಲ ಹೆಸರು ಹುಡುಕುವುದು ಇಂದಿನವರ ಅಹಂಕಾರ, ಹಿಂದಿನ ಕುಶಲಕರ್ಮಿಗಳು ಹೆಸರಿಗೆ ಆಸೆಪಡುತ್ತಿರಲಿಲ್ಲ ಎಂದು ಹೇಳುವ ಹಿರಿಯರಿದ್ದಾರೆ. ಸೇವೆಯಲ್ಲಿದ್ದಾಗ ನಾನೂ ಇದನ್ನೇ ಪಾಠ ಮಾಡುತ್ತಿದ್ದೆ. ಅದು ತಪ್ಪು. ನಮ್ಮ ಹೊಯ್ಸಳ ಶಿಲ್ಪಿಗಳು ಆ ಮಾತನ್ನು ಒಪ್ಪುತ್ತಿರಲಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಾವು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೊರೆದರು. ದೇವರ ಪೀಠದ ಕೆಳಗೇ! ಯಾವ ಅರಸನೂ ಅವರಿಗೆ ಮರಳು ಕೊಟ್ಟು ಉಜ್ಜಿ ತೆಗೆಯೆಂದು ಹೇಳಲಿಲ್ಲ. ಕೆಲಸ ಮಾಡಿದವನು ಹೆಸರು ಬರೆಯುವುದು ಅಹಂಕಾರವಲ್ಲ, ಹೊಣೆ. ಕೆಟ್ಟದಾದರೆ ನನ್ನನ್ನೇ ಬೈಯಿರಿ ಎಂಬ ಒಪ್ಪಿಗೆಯೂ ಅದರಲ್ಲಿದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಗ್ರಾಫಿಟಿ ಕಲೆಯೋ ಪುಂಡಾಟವೋ ಎಂಬ ಚರ್ಚೆ ಹಳಸಿದ್ದು. ಬೀದಿಯ ಕಲಾವಿದ ಹಳೆಯ ಕಸುಬಿನವರ ಬಳಿ ಹೋಗುವುದು ಒಳ್ಳೆಯದು, ಇನ್ನಷ್ಟು ನಡೆಯಲಿ. ಆದರೆ ಆ ಕೂಡುಕೆಲಸವನ್ನು ಅಳೆಯುವಾಗ ಕಡೆಯಲ್ಲಿ ಯಾರ ಯಾರ ಹೆಸರು ಬೆಂಕಿಯಲ್ಲಿ ಸುಟ್ಟು ಗಟ್ಟಿಯಾಯಿತು ಎಂದು ಕೇಳಬೇಕು. ಹೆಸರು ಬರೆಯುವ ಹಕ್ಕಿಗಾಗಿ ಊರ ಕಾನೂನನ್ನೇ ಎದುರು ಹಾಕಿಕೊಂಡ ಕಲೆ ಗ್ರಾಫಿಟಿ. ಆ ಕಲಾವಿದನಿಗಿಂತ ಚೆನ್ನಾಗಿ ಆ ಹಂಬಲ ಯಾರಿಗೆ ಅರ್ಥವಾದೀತು? ತನ್ನ ಪಕ್ಕದಲ್ಲಿ ಕುಳಿತು ಬಣ್ಣ ಹಾಕಿದವರಿಗೂ ಅದೇ ಹಂಬಲವಿದ್ದೀತೆಂದು ಅವನಿಗೇ ಮೊದಲು ಹೊಳೆಯಬೇಕು. ಸುಮಾರು ಹದಿನಾಲ್ಕು ಸೆಂಟಿಮೀಟರ್ ಅಗಲದ ಒಂದು ಟೈಲಿನಲ್ಲಿ ಹತ್ತಿಪ್ಪತ್ತು ಹೆಸರು ಬರೆಯಬಹುದು. ಐವತ್ತೆರಡು ಸಾವಿರದಲ್ಲಿ ಒಂದು ಟೈಲು ದೊಡ್ಡ ದಾನವೇನಲ್ಲ.

ಅಂದು ಸಂಜೆ ಸಂತೆ ಮುಗಿದು ಎಲ್ಲರೂ ಸಾಮಾನು ಕಟ್ಟುತ್ತಿದ್ದರು. ಪತ್ನಿ ನೀಲಿ ಹೂವಿನ ಒಂದು ಹಳೆಯ ಟೈಲನ್ನು ಕೈಯಲ್ಲಿ ಹಿಡಿದು ನೋಡಿದಳು. ಯಾರ ಮನೆಯದೋ, ಹೇಗೆ ಬಂದದ್ದೋ ಎಂದು ಕೊಳ್ಳದೆ ಅಲ್ಲಿಯೇ ಇಟ್ಟಳು. ಬೆನ್ನು ತಿರುಗಿಸಿದಾಗ ಅದರಲ್ಲಿ ಸುಣ್ಣದ ಗಾರೆಯ ಹೊರತು ಏನೂ ಇರಲಿಲ್ಲ.

ನಾನು ಆ ಹುಡುಗನಿಗೆ ಅಳಿಸುವುದನ್ನು ಕಲಿಸಿದೆ. ಅಳಿಸಲೇಬೇಕಿತ್ತು, ಡೆಸ್ಕು ಶಾಲೆಯದು. ಆದರೆ ಅಳಿಸಿದ ಮೇಲೆ ಒಂದು ಹಲಗೆಯನ್ನೋ ಮರದ ತುಂಡನ್ನೋ ಕೊಟ್ಟು "ಇಲ್ಲಿ ಬರೆ" ಎನ್ನಬಹುದಿತ್ತು. ಶಾಲೆಯ ಹೆಸರಿನ ಫಲಕವನ್ನೇ ಅವನಿಂದ ಬರೆಸಬಹುದಿತ್ತು. ಆ ವರ್ಷ ಫಲಕದ ಬಣ್ಣ ಹೋಗಿ ಪೇಟೆಯಿಂದ ಪೇಂಟರನ್ನು ಕರೆಸಿದ್ದೆವು. ಬಿ.ಎಡ್. ತರಗತಿಯಲ್ಲಿ ಮಕ್ಕಳ ಆಸಕ್ತಿಯನ್ನು ಗುರುತಿಸುವುದರ ಬಗ್ಗೆ ಪುಟಗಟ್ಟಲೆ ಉತ್ತರ ಬರೆದು ಪಾಸಾದವನು ನಾನು. ಕಣ್ಣೆದುರಿಗೆ ಬಂದಾಗ ಹೊಳೆಯಲಿಲ್ಲ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಬರೆಯುವ ಹಕ್ಕು ಅವನದು. ನಿಮ್ಮಲ್ಲಿ ಅವನ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವನೆಲ್ಲಿದ್ದಾನೆಂದು ಗೊತ್ತಿದ್ದರೆ, ಮೇಷ್ಟ್ರು ಕೇಳಿದರೆಂದು ತಿಳಿಸಿ. ಅವನೇ ಎರಡು ಸಾಲು ಬರೆದರೆ ಇನ್ನೂ ಸಂತೋಷ. ಕೆಳಗೆ ರುಜು ಹಾಕುವುದನ್ನು ಮಾತ್ರ ಮರೆಯದಿರಲಿ.